ಪಿಕೋ ಟರ್ಮಿನಲ್‌ನಲ್ಲಿ ಕರ್ಸರ್ ಮಿನುಗುತ್ತಿದೆ, ಟೈಪ್ ಮಾಡಿದ್ದು ಮಾತ್ರ ಕಾಣುತ್ತಿಲ್ಲ. ಏನು ಮಾಡಲಿ?

ನೀವು ಕೇಳಿದ್ದು ಇಷ್ಟು: ಝಡ್80 ಅನ್ನೋ ಹಳೇ 8 ಬಿಟ್ ಪ್ರೊಸೆಸರ್ ಇರುವ ಕಿಟ್ ಕಂಪ್ಯೂಟರ್ ಜೋಡಿಸಿ ಆಗಿದೆ. ಪಿಸಿ ಇಲ್ಲದೆ ಬಳಸಬೇಕೆಂದು ರಾಸ್ಪ್‌ಬೆರಿ ಪೈ ಪಿಕೋ ಅನ್ನೋ ಪುಟ್ಟ ಬೋರ್ಡಿಗೆ ಟರ್ಮಿನಲ್ ಫರ್ಮ್‌ವೇರ್ ಹಾಕಿದ್ದೀರಿ, ಅಂದರೆ ಅದನ್ನು ಕಿಟ್‌ನ ಪರದೆ ಮತ್ತು ಕೀಬೋರ್ಡ್ ಆಗಿಸುವ ಪ್ರೋಗ್ರಾಮ್. ವಿಜಿಎ ಪರದೆಯಲ್ಲಿ ಕರ್ಸರ್ ಬಂತು, ಆದರೆ ಕೀ ಒತ್ತಿದರೆ ಏನೂ ಮೂಡುತ್ತಿಲ್ಲ. ಫರ್ಮ್‌ವೇರ್ ಮತ್ತೆ ಹಾಕಬೇಕಾ ಅಂತ ನಿಮ್ಮ ಅನುಮಾನ.

ಬೇಡ. ಕರ್ಸರ್ ಮಿನುಗುತ್ತಿದೆ ಅಂದರೆ ಫರ್ಮ್‌ವೇರ್ ಸರಿಯಾಗೇ ಕೂತಿದೆ. ಪಿಕೋದಲ್ಲಿ ಆ ಭಾಗ ಸಲೀಸು. ಬೂಟ್‌ಸೆಲ್ ಗುಂಡಿ ಒತ್ತಿಕೊಂಡೇ ಯುಎಸ್‌ಬಿ ಸಿಕ್ಕಿಸಿದರೆ ಪೆನ್‌ಡ್ರೈವ್ ಥರ ಕಾಣಿಸಿಕೊಳ್ಳುತ್ತದೆ, ಫರ್ಮ್‌ವೇರ್‌ನ ಯುಎಫ್2 ಫೈಲ್ ಎಳೆದು ಬಿಟ್ಟರೆ ಮುಗಿಯಿತು. ಈ ಫೈಲ್ ತುಂಬಿಸಿಕೊಳ್ಳುವ ಬೂಟ್‌ಲೋಡರ್ ಚಿಪ್‌ನೊಳಗೇ ಅಳಿಸಲಾಗದ ಹಾಗೆ ಇರುವುದರಿಂದ, ತಪ್ಪು ಫೈಲ್ ಹಾಕಿದರೂ ಬೋರ್ಡ್ ಸಾಯುವುದಿಲ್ಲ. ಒತ್ತಿದ ಅಕ್ಷರ ಝಡ್80ಗೆ ಹೋಗಿ ಅಲ್ಲಿಂದ ವಾಪಸ್ ಬಂದ ಮೇಲೇ ಪರದೆಯಲ್ಲಿ ಮೂಡುವುದು, ಹಾಗಾಗಿ ನಿಮ್ಮ ತೊಂದರೆ ತಂತಿಯಲ್ಲಿದೆ, ಇಲ್ಲವೇ ಸೆಟ್ಟಿಂಗ್‌ನಲ್ಲಿದೆ.

ಮೊದಲು ಝಡ್80 ಕಡೆಯ ತಂತಿಗಳನ್ನು ಪೂರ್ತಿ ಬಿಚ್ಚಿ. ಪಿಕೋದ ಟಿಎಕ್ಸ್ (ಕಳಿಸುವ) ಪಿನ್ನನ್ನು ಅದರದೇ ಆರ್‌ಎಕ್ಸ್ (ಪಡೆಯುವ) ಪಿನ್ನಿಗೆ ಒಂದು ತುಂಡು ತಂತಿಯಿಂದ ಸೇರಿಸಿ. ಸಾಮಾನ್ಯವಾಗಿ ಇವು ಜಿಪಿ0 ಮತ್ತು ಜಿಪಿ1. ಆದರೂ ನಿಮ್ಮ ಫರ್ಮ್‌ವೇರ್ ಯಾವ ಪಿನ್ ಬಳಸುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ. ಲೋಕಲ್ ಎಕೋ (ಒತ್ತಿದ ಅಕ್ಷರವನ್ನು ಟರ್ಮಿನಲ್ ತಾನೇ ಪರದೆಗೆ ಹಾಕುವುದು) ಆಫ್ ಇರಲಿ, ಇಲ್ಲದಿದ್ದರೆ ಈ ಪರೀಕ್ಷೆ ಮೋಸ ಮಾಡುತ್ತದೆ. ಈಗ ಟೈಪ್ ಮಾಡಿ. ಅಕ್ಷರ ಬಂದರೆ ಟರ್ಮಿನಲ್ ಕಡೆ ಎಲ್ಲ ಸರಿ ಇದೆ. ಬರದಿದ್ದರೆ ಕೀಬೋರ್ಡ್ ನೋಡಿ. ಪಿಕೋಗೆ ಇರುವುದೇ ಒಂದು ಯುಎಸ್‌ಬಿ ಪೋರ್ಟ್, ಅದನ್ನು ಕೀಬೋರ್ಡಿಗೆ ಕೊಟ್ಟಾಗ ಒಟಿಜಿ ಅಡಾಪ್ಟರ್ ಬೇಕು, ವಿಬಸ್ ಪಿನ್ನಿಗೆ ಹೊರಗಿನಿಂದ 5 ವೋಲ್ಟ್ ಕೊಡಬೇಕು. ಇಲ್ಲವಾದರೆ ಕೀಬೋರ್ಡಿಗೆ ಕರೆಂಟೇ ಸಿಗುವುದಿಲ್ಲ.

ಮತ್ತೆ ಝಡ್80ಗೆ ಸೇರಿಸುವ ಮುಂಚೆ ವೋಲ್ಟೇಜ್ ನೋಡಿಕೊಳ್ಳಿ. ಇದೊಂದರಲ್ಲಿ ಮಾತ್ರ ಅವಸರ ಬೇಡ. ಪಿಕೋ 3.3 ವೋಲ್ಟಿನದು, ನಿಮ್ಮ ಕಿಟ್ 5 ವೋಲ್ಟಿನದು. ಕಿಟ್‌ನಿಂದ ಪಿಕೋಗೆ ಬರುವ ತಂತಿಗೆ 1 ಕಿಲೋಓಮ್, 2 ಕಿಲೋಓಮ್ ರೆಸಿಸ್ಟರ್‌ಗಳ ಡಿವೈಡರ್ ಹಾಕಿದರೆ 5 ಇದ್ದದ್ದು ಸುಮಾರು 3.3ಕ್ಕೆ ಇಳಿಯುತ್ತದೆ. ಎದುರು ದಿಕ್ಕಿನ ತಂತಿಯನ್ನು ನೇರವಾಗಿ ಕೊಡಬಹುದು, ಕಿಟ್‌ನ ಟಿಟಿಎಲ್ (5 ವೋಲ್ಟ್ ಲಾಜಿಕ್) ಇನ್‌ಪುಟ್‌ಗೆ 2 ವೋಲ್ಟ್ ದಾಟಿದರೆ ಸಾಕು. ಕಿಟ್‌ನಲ್ಲಿರುವುದು ನಿಜವಾದ ಆರ್‌ಎಸ್232 ಪೋರ್ಟ್ ಆಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಮೈನಸ್ ವೋಲ್ಟೇಜೂ ಬರುತ್ತದೆ, ಮ್ಯಾಕ್ಸ್3232 ಥರದ ಚಿಪ್ ಬೇಕೇ ಬೇಕು.

ಟಿಎಕ್ಸ್ ಹೋಗಿ ಆರ್‌ಎಕ್ಸ್‌ಗೆ ಸೇರಬೇಕು, ಗ್ರೌಂಡ್ ಎರಡಕ್ಕೂ ಒಂದೇ ಇರಬೇಕು. ಇದು ನಿಮಗೆ ಗೊತ್ತೇ ಇರುತ್ತದೆ. ನನಗೂ ಗೊತ್ತಿತ್ತು, ಆದರೂ ಒಂದು ಸಂಜೆ ಪೂರ್ತಿ ಇದರಲ್ಲೇ ಹಾಳು ಮಾಡಿಕೊಂಡಿದ್ದೇನೆ!

ನನ್ನ ಪ್ರಕಾರ ನಿಮ್ಮ ಅಸಲಿ ಕಳ್ಳ ಸಿಟಿಎಸ್, ಅಂದರೆ ‘ಈಗ ಕಳಿಸಬಹುದು’ ಅಂತ ಸೀರಿಯಲ್ ಚಿಪ್‌ಗೆ ತಿಳಿಸುವ ಪಿನ್. ಕಿಟ್‌ನ ಸೀರಿಯಲ್ ಚಿಪ್ 6850 ಆಗಿದ್ದರೆ, ಅದರ ಸಿಟಿಎಸ್ ಪಿನ್ ಹೈ ಇರುವಷ್ಟು ಹೊತ್ತು ಅದು ಕಳಿಸಲು ಸಿದ್ಧ ಅಂತ ಹೇಳುವುದೇ ಇಲ್ಲ. ಪ್ರೋಗ್ರಾಮ್ ಕಾಯುತ್ತಾ ಕೂರುತ್ತದೆ, ನಾವು ಪರದೆ ನೋಡುತ್ತಾ ಕೂರುತ್ತೇವೆ. ನಿಮ್ಮ ಫರ್ಮ್‌ವೇರ್ ಫ್ಲೋ ಕಂಟ್ರೋಲ್ (ಕಳಿಸು, ತಡೆ ಅಂತ ತಂತಿಯಲ್ಲಿ ಹೇಳುವುದು) ಬಳಸದಿದ್ದರೆ ಕಿಟ್ ಕಡೆಯ ಸಿಟಿಎಸ್ ಅನ್ನು ಗ್ರೌಂಡ್‌ಗೆ ಕಟ್ಟಿಬಿಡಿ.

ಅದಾದ ಮೇಲೆ ಕಸದಂಥ ಅಕ್ಷರ ಬಂದರೆ ಖುಷಿಪಡಿ, ತಂತಿ ಸರಿ ಇದೆ ಅಂತ ಅರ್ಥ. ಉಳಿದಿರುವುದು ವೇಗ ಮಾತ್ರ. ಝಡ್80 ಕಿಟ್‌ಗಳಲ್ಲಿ 7.3728 ಮೆಗಾಹರ್ಟ್ಸ್ ಕ್ರಿಸ್ಟಲ್ ಜಾಸ್ತಿ ಕಾಣುವುದು ಸುಮ್ನೆ ಅಲ್ಲ, ಅದನ್ನು 64ರಿಂದ ಭಾಗಿಸಿದರೆ ಸರಿಯಾಗಿ ಸೆಕೆಂಡಿಗೆ 115200 ಬಿಟ್ ವೇಗ ಬರುತ್ತದೆ. ನಿಮ್ಮದು ಬೇರೆ ಕ್ರಿಸ್ಟಲ್ ಆಗಿದ್ದರೆ ಆ ಲೆಕ್ಕ ಹಾಕಿ ನೋಡಿ. 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಅಂತ ಇಡಿ. ಈ ವೇಗದಲ್ಲಿ ಸೆಕೆಂಡಿಗೆ 11,520 ಅಕ್ಷರ ಬರುತ್ತವೆ, ಅಂದರೆ 80 ಕಾಲಂ 24 ಸಾಲಿನ ಪರದೆ ಸೆಕೆಂಡಿನ ಆರನೇ ಒಂದು ಭಾಗದಲ್ಲಿ ತುಂಬುತ್ತದೆ. ಉದ್ದನೆಯ ಲಿಸ್ಟ್ ಓಡುವಾಗ ಮಧ್ಯೆ ಅಕ್ಷರ ಕಳೆದುಹೋದರೆ, ಫರ್ಮ್‌ವೇರ್ ಸ್ಕ್ರೋಲ್ ಮಾಡುತ್ತಾ ಹಿಂದೆ ಬೀಳುತ್ತಿದೆ. ಎರಡೂ ಕಡೆ ವೇಗ ಇಳಿಸಿ, ಇಲ್ಲವೇ ಫ್ಲೋ ಕಂಟ್ರೋಲ್‌ಗೆ ಆರ್‌ಟಿಎಸ್ ಮತ್ತು ಸಿಟಿಎಸ್ ತಂತಿ ಜೋಡಿಸಿ.

ಸಿಪಿ/ಎಂ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಂ ಓಡಿಸುವುದಾದರೆ ಇನ್ನೊಂದು ಮಾತು. ಈ ಫರ್ಮ್‌ವೇರ್‌ಗಳು ಹೆಚ್ಚಾಗಿ ನಕಲು ಮಾಡುವುದು 1978ರ ವಿಟಿ100 ಟರ್ಮಿನಲ್ ಅನ್ನು. ಹಳೇ ಪ್ರೋಗ್ರಾಮ್‌ಗೂ ಅದನ್ನೇ ಹೇಳಬೇಕು. ಟರ್ಬೋ ಪ್ಯಾಸ್ಕಲ್ ಜೊತೆಗೆ ಟಿನ್‌ಸ್ಟ್ ಅನ್ನೋ ಪ್ರೋಗ್ರಾಮ್ ಬರುವುದು ಇದಕ್ಕೇ. ಜೊತೆಗೆ ಬ್ಯಾಕ್‌ಸ್ಪೇಸ್ ಕೀ ಕೋಡ್ 8 ಕಳಿಸುತ್ತಿದೆಯಾ, 127 ಕಳಿಸುತ್ತಿದೆಯಾ ನೋಡಿ. ಸಿಪಿ/ಎಂ 2.2ಗೆ 127 ಹೋದರೆ ಅಳಿಸಿದ ಅಕ್ಷರ ಪರದೆಯಿಂದ ಹೋಗುವ ಬದಲು ಇನ್ನೊಮ್ಮೆ ಮೂಡುತ್ತದೆ. ಪೇಪರ್ ಮೇಲೆ ಅಚ್ಚು ಹಾಕುವ ಟೆಲಿಟೈಪ್‌ನಲ್ಲಿ ಅಳಿಸೋಕೆ ಆಗಲ್ಲ ಅಲ್ವಾ, ಆ ಕಾಲದ ಪದ್ಧತಿ ಅದು. ನಾನು ಕೀಬೋರ್ಡ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ತಂದು ಸಿಕ್ಕಿಸಿದ್ದೆ. ಅದರಲ್ಲೂ ಅದೇ ಕಥೆ. ಫರ್ಮ್‌ವೇರ್ ಮೆನುವಿನಲ್ಲಿ 8ಕ್ಕೆ ಬದಲಾಯಿಸಿ, ಅಲ್ಲಿಯವರೆಗೆ ಕಂಟ್ರೋಲ್ ಹೆಚ್ ಒತ್ತಿದರೂ ನಡೆಯುತ್ತದೆ.