ಮಾಸ್ತರ್ರೇ, ಇವತ್ತೆಷ್ಟು ಮೀನು?

ಹೊಳೆದಂಡೆ: ಓದುಗರ ಪ್ರಶ್ನೆ, ಕಾರವಾರದ ನಿವೃತ್ತ ವಿಜ್ಞಾನ ಮಾಸ್ತರರ ಉತ್ತರ

ಪ್ರಶ್ನೆ: ನಿಮ್ಮ ಅಂಕಣ ಓದಿಯೇ ನನಗೆ ಗರಿ ಕಟ್ಟಿದ ಗಾಳ ಎಸೆದು ಮೀನು ಹಿಡಿಯುವ ಫ್ಲೈ ಫಿಶಿಂಗ್ ಹುಚ್ಚು ಹತ್ತಿದ್ದು. ದುಡ್ಡು ಸುರಿದು ಕೋಲು, ರೀಲು ತರಿಸಿದೆ. ಆರು ಭಾನುವಾರ ಕಾರವಾರಕ್ಕೆ ಬಂದು ಕಾಳಿ ಹಿನ್ನೀರಿನ ದಂಡೆಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ನಿಂತೆ. ಸುತ್ತಲೂ ಮೀನು ಚಂಗನೆ ಹಾರುತ್ತವೆ, ನನ್ನ ಗಾಳವನ್ನು ಮಾತ್ರ ಮೂಸಿಯೂ ನೋಡುವುದಿಲ್ಲ. ಆಫೀಸಿನಲ್ಲಿ ಕಾಲೆಳೆಯುತ್ತಾರೆ. ನನ್ನ ತಪ್ಪೇನು? ಬಿಟ್ಟುಬಿಡಲೇ?
(ಓದುಗರು, ಹುಬ್ಬಳ್ಳಿ)

ಆರೇ ಭಾನುವಾರಕ್ಕೆ ಕೈಚೆಲ್ಲಿದರೆ ಹೇಗೆ ಮಾರಾಯ್ರೇ? ನನ್ನ ಕಥೆ ಕೇಳಿ. 2009ರಲ್ಲಿ ನ್ಯೂಜಿಲೆಂಡಿನಿಂದ ರಜೆಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ ಒಂಬತ್ತು ಅಡಿಯ ಕೋಲನ್ನು ನಾಲ್ಕು ತುಂಡು ಮಾಡಿ ಕೊಳವೆಯಲ್ಲಿಟ್ಟು ತಂದು, ‘ಸರ್, ನಿಮ್ಮ ನಿವೃತ್ತಿಗೆ’ ಎಂದು ಕೊಟ್ಟ. ನನ್ನ ಗಾಳಕ್ಕೆ ಮೊದಲ ಮೀನು ಬಿದ್ದದ್ದು ಮರುವರ್ಷದ ದೀಪಾವಳಿ ಕಳೆದ ಮೇಲೆ. ಅಷ್ಟರೊಳಗೆ ಸದಾಶಿವಗಡದ ನಮ್ಮ ಕೇರಿಯ ಮಕ್ಕಳಿಗೆಲ್ಲ ‘ಮಾಸ್ತರ್ರೇ, ಇವತ್ತೆಷ್ಟು ಮೀನು?’ ಎಂದು ಕೇಳುವುದು ಬಾಯಿಪಾಠವಾಗಿತ್ತು. ಈಗ ಆ ಮಕ್ಕಳ ಮದುವೆಯೂ ಆಗಿದೆ, ಪ್ರಶ್ನೆ ಮಾತ್ರ ಹಾಗೇ ಇದೆ.

ತಪ್ಪಿನ ವಿಷಯ ಮೊದಲು ಮುಗಿಸುತ್ತೇನೆ. ನಿಮ್ಮ ಸುತ್ತ ಹಾರುತ್ತಿದ್ದದ್ದು ಬಹುಮಟ್ಟಿಗೆ ಶೆವಟೆ. ಕೆಸರಿನ ಮೇಲಿನ ಪಾಚಿ, ಕೊಳೆತ ಎಲೆಯ ಚೂರು ಮೇಯುವ ಮೀನು ಅದು. ಅದರ ಮುಂದೆ ಗರಿ ಕಟ್ಟಿದ ಮೀನಿನ ಬೊಂಬೆ ಎಸೆಯುವುದೆಂದರೆ ಹಸುವಿನ ಮುಂದೆ ಬಂಗಡೆ ಹುರಿದಿಟ್ಟ ಹಾಗೆ. ನಿಮ್ಮ ಗಾಳಕ್ಕೆ ಬೀಳಬಹುದಾದದ್ದು ಚೊಣಕ. ಅದು ಹಾರಿ ತೋರಿಸಿಕೊಳ್ಳುವ ಪೈಕಿ ಅಲ್ಲ. ಉಬ್ಬರ ಇಳಿಯತೊಡಗಿದಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಾಲುವೆಗಳಿಂದ ಸೀಗಡಿ, ಮರಿಮೀನು ನೀರಿನೊಟ್ಟಿಗೆ ಹೊಳೆಗೆ ಜಾರುತ್ತವಲ್ಲ, ಆ ಕಾಲುವೆಯ ಬಾಯಲ್ಲಿ, ಬೇರಿನ ನೆರಳಲ್ಲಿ, ಅದು ಕಾದು ನಿಂತಿರುತ್ತದೆ.

ಎರಡನೆಯದು ಗಡಿಯಾರ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಏಳು ದಿನಕ್ಕೆ ಲೆಕ್ಕ ಹಾಕಿ: ಹೆಚ್ಚುಕಡಿಮೆ ಆರು ಗಂಟೆ. ಈ ಭಾನುವಾರ ಒಂಬತ್ತಕ್ಕೆ ತುಂಬಿ ತುಳುಕಿದ ಹಿನ್ನೀರು ಮುಂದಿನ ಭಾನುವಾರ ಅದೇ ಒಂಬತ್ತಕ್ಕೆ ಕೆಸರು ತೋರಿಸುತ್ತದೆ. ನೀವು ಹುಬ್ಬಳ್ಳಿಯ ಗಡಿಯಾರ ನೋಡಿ ಬಂದಿರಿ, ಮೀನು ಚಂದ್ರನನ್ನು ನೋಡಿ ಬರುತ್ತದೆ.

ಮೂರನೆಯದು ಎಸೆತ. ಮಾಮೂಲಿ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಗರಿಗೆ ತೂಕವೇ ಇಲ್ಲ, ದಾರವೇ ತೂಕ. ಹಿಂದಕ್ಕೆ ಬೀಸಿದ ದಾರ ಬೆನ್ನ ಹಿಂದೆ ನೆಟ್ಟಗಾಗುವವರೆಗೆ ಕಾಯಬೇಕು, ಆಮೇಲೆ ಮುಂದಕ್ಕೆ. ಎತ್ತಿನ ಬೆನ್ನಿಗೆ ಬಾರುಕೋಲು ಹೊಡೆದಂತೆ ‘ಚಟಾರ್’ ಎಂದಿತೋ, ಗರಿ ಕಿತ್ತುಹೋಯಿತು ಅಂತ ಅರ್ಥ. ಆಮೇಲೆ ಎರಡು ತಾಸು ಬರೀ ದಾರವನ್ನೇ ಎಸೆಯುತ್ತ ನಿಂತವರಿದ್ದಾರೆ. ನಾನೂ ನಿಂತಿದ್ದೇನೆ.

ಇಷ್ಟು ತಪ್ಪಿನ ಮಾತು. ಇನ್ನು ನಿಮ್ಮ ಪತ್ರದ ಬಗ್ಗೆ. ಎರಡು ಪುಟ ಬರೆದಿದ್ದೀರಿ, ನಾನಿಲ್ಲಿ ನಾಲ್ಕು ಸಾಲಿಗೆ ಇಳಿಸಿದ್ದೇನೆ. ಹದಿನೆಂಟು ತಾಸು ಕಾಳಿಯ ದಂಡೆಯಲ್ಲಿ ನಿಂತವರು ಆ ಎರಡು ಪುಟದಲ್ಲಿ ಮೀನು ಬಿಟ್ಟು ಇನ್ನೊಂದು ಜೀವದ ಹೆಸರು ಎತ್ತಿಲ್ಲವಲ್ಲ?

ಮುಂದಿನ ಸಲ ಇಳಿತದ ಹೊತ್ತಿಗೆ ಬನ್ನಿ, ಕಾಂಡ್ಲಾ ಅಂಚಿನ ಕೆಸರಲ್ಲಿ ಪಾದ ಊರಿ ಹತ್ತು ನಿಮಿಷ ಗೂಟದ ಹಾಗೆ ನಿಲ್ಲಿ. ನೀವು ಬಂದ ಸದ್ದಿಗೆ ಬಿಲ ಸೇರಿದ್ದ ಏಡಿಗಳು ಒಂದೊಂದೇ ಕಣ್ಣು ಹೊರಹಾಕುತ್ತವೆ. ಗಂಡು ಏಡಿಗೆ ಒಂದೇ ಕೊಂಡಿ ದೊಡ್ಡದು, ಮೈಯಷ್ಟೇ ದೊಡ್ಡದು. ಅದನ್ನೆತ್ತಿ ‘ಬಾ, ಬಾ’ ಎಂದು ಕರೆದಂತೆ ಬೀಸುತ್ತದೆ. ಒಂದು ಬೀಸಿದರೆ ಪಕ್ಕದ್ದೂ ಬೀಸುತ್ತದೆ. ಸ್ವಲ್ಪ ಹೊತ್ತಿಗೆ ಇಡೀ ಕೆಸರು ಕೈಬೀಸುತ್ತದೆ, ನೀವು ನಡುವೆ ಮೆರವಣಿಗೆಗೆ ಬಂದ ಮಂತ್ರಿಯ ಹಾಗೆ ನಿಂತಿರುತ್ತೀರಿ. ಮೊನ್ನೆ ಒಂದು ನನ್ನ ಹೆಬ್ಬೆರಳಿನ ಉಗುರಿನ ಮೇಲೆ ಹತ್ತಿ ಮಣ್ಣುಂಡೆ ಉರುಳಿಸಿತು. ಕ್ಯಾಮೆರಾ ಹಿಡಿದು ಬಂದವರು ಹುಡುಕುತ್ತ ನಡೆದಾಡುತ್ತಾರೆ, ಅವರ ನೆರಳಿಗೇ ಎಲ್ಲ ಅಡಗುತ್ತವೆ. ಗಾಳದವನು ನಿಲ್ಲುತ್ತಾನೆ. ನಿಂತವನನ್ನು ಹೊಳೆ ಕಾಲುಗಂಟೆಯಲ್ಲಿ ಮರೆತುಬಿಡುತ್ತದೆ.

ಚಳಿಗಾಲವಾದರೆ ತಲೆ ಎತ್ತಿಯೂ ನೋಡಿ. ಉತ್ತರದಿಂದ ವಲಸೆ ಬರುವ ಡೇಗೆ ಹಕ್ಕಿ (ಆಸ್ಪ್ರೇ) ಅಳಿವೆಯ ಮೇಲೆ ಗಿರಕಿ ಹೊಡೆಯುತ್ತಿರುತ್ತದೆ. ಇದರ ಊಟ ಮೀನು, ಮೀನು ಬಿಟ್ಟರೆ ಬೇರೆ ಇಲ್ಲವೆಂದರೂ ನಡೆದೀತು. ಕಾಲು ಮುಂದೆ ಚಾಚಿ ಧೊಪ್ಪನೆ ಬೀಳುತ್ತದೆ. ಮೀನು ಸಿಕ್ಕರೆ ಅದರ ತಲೆ ಮುಂದಾಗುವಂತೆ ತಿರುಗಿಸಿ ಹಿಡಿದು ಹಾರುತ್ತದೆ, ಗಾಳಿಗೆ ತಡೆ ಕಡಿಮೆಯಾಗಲೆಂದು. ಕಳೆದ ಜನವರಿಯಲ್ಲಿ, 2024ರ ಆಗಸ್ಟಿನಲ್ಲಿ ಕುಸಿದುಬಿದ್ದ ಹಳೆಯ ಸೇತುವೆಯ ಜಾಗದಿಂದ ಸ್ವಲ್ಪ ಮೇಲೆ, ಒಂದು ಡೇಗೆ ಮೂರು ಸಲ ಬಿದ್ದದ್ದನ್ನು ನೋಡಿದೆ. ಮೂರು ಸಲವೂ ಬರಿಗಾಲಲ್ಲಿ ಎದ್ದಿತು, ಮೈ ಕೊಡವಿಕೊಂಡು ಹೋಯಿತು. ಅದರ ಆಫೀಸಿನಲ್ಲಿ ಯಾರೂ ಕಾಲೆಳೆದಿರಲಿಕ್ಕಿಲ್ಲ.

ಬಿಡುವುದು ಬಿಡದಿರುವುದು ನಿಮಗೆ ಬಿಟ್ಟದ್ದು. ಬಿಡುವುದಾದರೆ ಆ ರೀಲು ಯಾವ ಕಂಪನಿಯದು ಅಂತ ಒಂದು ಕಾರ್ಡು ಹಾಕಿ.

ಪ್ರಶ್ನೆ: ನಿಮ್ಮ ಮನೆ ಅಡಿಕೆ ತೋಟದ ಮನೆ, ಮೀನು ಹೊಸಿಲು ದಾಟದ ಮನೆ ಎಂದು ನೀವೇ ಬರೆದಿದ್ದೀರಿ. ತಿನ್ನುವುದಕ್ಕೆ ಹಿಡಿದರೆ ಅರ್ಥವಿದೆ. ಆಟಕ್ಕಾಗಿ ಒಂದು ಜೀವದ ಬಾಯಿಗೆ ಕೊಕ್ಕೆ ಸಿಕ್ಕಿಸಿ, ಆಮೇಲೆ ಬಿಟ್ಟೆ ಎಂದು ಪುಣ್ಯ ಕಟ್ಟಿಕೊಳ್ಳುವುದು ಹಿಂಸೆಯಲ್ಲವೇ?
(ಓದುಗರು, ಸಿದ್ದಾಪುರ)

ಹಿಂಸೆಯೇ, ತಾಯೀ. ನನ್ನ ಹೆಂಡತಿಯ ಮಾತು ಇನ್ನೂ ಚುರುಕು: ‘ಹಿಡದ್ರೂ ಬಿಡ್ತ್ರಿ, ಹಿಡೀದೆ ಇದ್ರೂ ಬರ್ತ್ರಿ. ಹಂಗಾರೆ ಹೋಗದು ಎಂತಕ್ಕೆ?’ ಹದಿನೈದು ವರ್ಷವಾಯಿತು, ಪೂರಾ ಉತ್ತರ ಕೊಡಲಿಕ್ಕೆ ಆಗಲಿಲ್ಲ.

ಆದಷ್ಟು ಕಡಿಮೆ ಮಾಡುವ ದಾರಿಗಳಿವೆ. ಕೊಕ್ಕೆಯ ಎದುರುಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತೇನೆ, ಹಾಗಾದರೆ ಬಾಯಿ ಹರಿಯದೆ ಬಿಡಿಸಿ ಬರುತ್ತದೆ. ಒಣಗೈಯಲ್ಲಿ ಮೀನು ಮುಟ್ಟಬಾರದು, ಮೈಮೇಲಿನ ಲೋಳೆ ಕಿತ್ತುಹೋಗುತ್ತದೆ, ಆ ಲೋಳೆಯೇ ಅದಕ್ಕೆ ಸೋಂಕು ತಡೆಯುವ ಕವಚ. ನೀರಿನಿಂದ ಎತ್ತದೆಯೇ ಬಿಡಿಸಬೇಕು. ಏಪ್ರಿಲ್, ಮೇ ತಿಂಗಳ ಮಟಮಟ ಮಧ್ಯಾಹ್ನ ನಾನು ಗಾಳ ಹಾಕುವುದೇ ಇಲ್ಲ: ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ಸುಸ್ತಾದ ಮೀನು ಬಿಟ್ಟ ಮೇಲೂ ಸಾಯಬಹುದು. ಮೊದಲ ಮಳೆಗೆ ಹೊಳೆಯ ಮೀನು ಮೊಟ್ಟೆಯಿಡಲು ಗದ್ದೆಯತ್ತ ಹತ್ತುವಾಗಲೂ ಇಲ್ಲ. ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳೇ ಬಂದರಿನಲ್ಲಿ ಕಟ್ಟಿಹಾಕಿಕೊಂಡಿರುವಾಗ ನನ್ನದೇನು ದೊಡ್ಡ ತ್ಯಾಗ.

ಆದರೆ ನಾನು ಮಾಡಿದ ನಿಜವಾದ ಪಾಪ ಮೀನಿನದ್ದಲ್ಲ. ಒಂದು ಸಲ ಕಾಂಡ್ಲಾ ಕೊಂಬೆಗೆ ಸಿಕ್ಕ ನೈಲಾನ್ ಎಳೆಯನ್ನು ‘ಹೋದರೆ ಹೋಗಲಿ’ ಎಂದು ಕಿತ್ತು ಬಂದೆ. ಮುಂದಿನ ವಾರ ಹೋದರೆ ಅದೇ ಎಳೆಗೆ ಒಂದು ಬೆಳ್ಳಕ್ಕಿ ಕಾಲು ಸಿಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಕಪ್ಪು ಕಾಲು, ಹಳದಿ ಪಾದ. ಎಳೆ ಸುತ್ತಿದ ಕಡೆ ಕೆಂಪು. ನನ್ನ ದೋಣಿಯ ಗೆಳೆಯ ತಲೆಗೆ ಸುತ್ತಿದ್ದ ಟುವಾಲು ಬಿಚ್ಚಿ ಅದರ ಮುಖಕ್ಕೆ ಮುಚ್ಚಿದ. ‘ಕಣ್ಣು ಮುಚ್ಚಿದ್ರೆ ಸುಮ್ನಾಗ್ತದೆ ಮಾಸ್ತರ್ರೇ, ನೀವು ಕತ್ತರ್ಸಿ’ ಅಂದ. ಉಗುರು ಕತ್ತರಿಸುವ ಕಟರ್ ಒಂದೇ ಇದ್ದದ್ದು. ಎಳೆ ಕತ್ತರಿಸುವಾಗ ಅಂಗೈಯೊಳಗೆ ಅದರ ಎದೆ ಹೊಲಿಗೆ ಯಂತ್ರದ ಹಾಗೆ ಬಡಿಯುತ್ತಿತ್ತು. ಬಿಟ್ಟ ಕೂಡಲೇ ನನ್ನ ಹೆಬ್ಬೆರಳಿಗೆ ಒಂದು ಕೊಟ್ಟು ಹಾರಿತು. ಆ ಗುರುತು ಇನ್ನೂ ಇದೆ. ಅಂದಿನಿಂದ ಜೇಬಿನಲ್ಲಿ ಒಂದು ಖಾಲಿ ಅಂಬಡೆ ಉಪ್ಪಿನಕಾಯಿ ಡಬ್ಬಿ ಇರುತ್ತದೆ. ನನ್ನ ಎಳೆ, ಬೇರೆಯವರ ಎಳೆ, ಕಂಡದ್ದೆಲ್ಲ ಅದರೊಳಕ್ಕೆ.

ಪ್ರಶ್ನೆ: ಸರ್, ನೀರುನಾಯಿ ನೋಡುವ ಆಸೆ. ಎಲ್ಲಿ, ಯಾವಾಗ ಹೋಗಬೇಕು?
(ವಿದ್ಯಾರ್ಥಿನಿ, ಅಂಕೋಲಾ)

ಮಗೂ, ನೀರುನಾಯಿಯನ್ನು ನೋಡಲೆಂದೇ ಹೋದ ಒಂದು ದಿನವೂ ನನಗೆ ಅದು ಕಂಡಿಲ್ಲ. ಕಂಡದ್ದು ಗಾಳ ಹಾಕಲು ಹೋದಾಗ. ಶಿರಸಿ ತಾಲ್ಲೂಕಿನ ನಮ್ಮ ತೋಟದ ಕೆಳಗಿನ ಹಳ್ಳ ಅಘನಾಶಿನಿಗೆ ಸೇರುತ್ತದೆ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ಒಂದು ಅಣೆಕಟ್ಟೂ ಇಲ್ಲದೆ ಸಮುದ್ರ ಮುಟ್ಟುವ ಹೊಳೆ ಅದು. ಫೆಬ್ರವರಿಯ ಒಂದು ಬೆಳಿಗ್ಗೆ, ಆರೂವರೆ ಇರಬೇಕು. ಸಿಳ್ಳಾರ ಹಕ್ಕಿ ಸಿಳ್ಳೆ ಹಾಕುವುದನ್ನು ಇನ್ನೂ ನಿಲ್ಲಿಸಿರಲಿಲ್ಲ. ಮೊಣಕಾಲು ನೀರಿನಲ್ಲಿ ನಿಂತು ಬೆರಳುದ್ದದ ಮೀನಿಗೆ ಸೊಳ್ಳೆಯಷ್ಟು ದೊಡ್ಡ ಗರಿ ತೇಲಿಬಿಡುತ್ತಿದ್ದೆ.

ಮೇಲಿನ ತಿರುವಿನಿಂದ ಚಿಂವ್ ಚಿಂವ್ ಸದ್ದು. ಕೋಳಿಮರಿ ಅಂದುಕೊಂಡೆ. ನಾಲ್ಕು ಚಪ್ಪಟೆ ತಲೆ ತೇಲಿಬಂದವು. ಮೈ ಸಣ್ಣದು, ಏಡಿ ತಿನ್ನುವ ಸಣ್ಣ ಜಾತಿ ಇರಬೇಕು. ನನ್ನಿಂದ ಹತ್ತು ಮಾರು ದೂರದಲ್ಲಿ ಕಲ್ಲುಗಳ ಸಂದಿಗೆ ಕೈ ಹಾಕತೊಡಗಿದವು. ಕೈ ಎಂದೇ ಹೇಳಬೇಕು. ನಮ್ಮಜ್ಜಿ ಬಂದವರ ಮುಖ ನೋಡಿ ಮಾತಾಡುತ್ತಲೇ ಎಲೆಸಂಚಿಯೊಳಗೆ ಸುಣ್ಣದ ಡಬ್ಬಿ ತಡಕುತ್ತಿದ್ದಳಲ್ಲ, ಥೇಟ್ ಹಾಗೆ: ಕಣ್ಣು ಎಲ್ಲೋ, ಕೈ ಕಲ್ಲಿನಡಿ. ಒಂದಕ್ಕೆ ಏಡಿ ಸಿಕ್ಕಿತು. ಬಂಡೆ ಹತ್ತಿ ಕೂತು ಹಪ್ಪಳ ಮುರಿದಂತೆ ಕಟಕಟ ಅಗಿಯಿತು. ಮರಿಯೊಂದು ಕಿತ್ತುಕೊಳ್ಳಲು ಬಂತು, ಬೈಸಿಕೊಂಡಿತು. ಆಮೇಲೆ ದೊಡ್ಡದು ಹಿಂಗಾಲ ಮೇಲೆ ಎದ್ದು ನಿಂತು ನನ್ನನ್ನು ನೋಡಿತು. ನಾನೂ ನೋಡಿದೆ. ಉಸಿರು ಬಿಡಲೋ ಬೇಡವೋ ಎನ್ನುವ ಹೊತ್ತು. ‘ಹಫ್’ ಎಂದಿತು, ನಾಲ್ಕೂ ಮಾಯ. ಹಳ್ಳದಲ್ಲಿದ್ದ ಮೀನೂ ಅವುಗಳೊಟ್ಟಿಗೆ ದಿಕ್ಕಾಪಾಲು, ಅವತ್ತು ಒಂದು ಮುಟ್ಟಲಿಲ್ಲ. ಮನೆಗೆ ಹೋಗಿ ಮೂರು ದೋಸೆ ಹೆಚ್ಚು ತಿಂದೆ.

ನೀನು ಮಾಡಬಹುದಾದದ್ದು: ಹೊಳೆ ನಡುವಿನ ಬಂಡೆಗಳ ಮೇಲೆ ಹಿಕ್ಕೆ ಹುಡುಕು. ಮೀನಿನ ಹುರುಪೆ, ಏಡಿ ಚಿಪ್ಪಿನ ಚೂರು ತುಂಬಿ ನಾತ ಹೊಡೆಯುತ್ತಿದ್ದರೆ ಅದೇ ಅವುಗಳ ವಿಳಾಸ. ಹತ್ತಿರದಲ್ಲಿ ಬಿಲ, ಮರಿ ಇದ್ದರೆ ಆ ಕಡೆ ತಿರುಗಬೇಡ, ಜಾಗದ ಹೆಸರನ್ನು ಮೊಬೈಲಿನಲ್ಲಿ ಊರಿಗೆಲ್ಲ ಹಂಚಬೇಡ. ಒಬ್ಬಳೇ ಹೋಗಬೇಡ. ಮನೆ ಹತ್ತಿರವೇ ಬೇಕಿದ್ದರೆ ಕುಮಟಾ ಬದಿಯ ಅಘನಾಶಿನಿ ಅಳಿವೆಗೆ ಹೋಗು. 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಜಾಗ ಅದು. ಇಳಿತದಲ್ಲಿ ಹೆಂಗಸರು ಚಿಪ್ಪಿಕಲ್ಲು ಆರಿಸುವ ಪಕ್ಕದಲ್ಲೇ ಹಕ್ಕಿಗಳೂ ಆರಿಸುತ್ತಿರುತ್ತವೆ. ನೀರುನಾಯಿಯ ಗ್ಯಾರಂಟಿ ಕೊಡಲಾರೆ.

ಪ್ರಶ್ನೆ: ದಾಂಡೇಲಿಯಲ್ಲಿ ಕಾಳಿಗೆ ಇಳಿದು ಗಾಳ ಹಾಕಬಹುದೇ?
(ಓದುಗರು, ಧಾರವಾಡ)

ಇಳಿಯಬೇಡಿ. ಅಲ್ಲಿ ಮೊಸಳೆ ಇದೆ, ಜನ ಬಲಿಯಾದದ್ದೂ ಇದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಂತೂ ಗಾಳ ಎತ್ತುವುದೇ ಅಪರಾಧ. ಕದ್ರಾ ಅಣೆಕಟ್ಟಿನ ಕೆಳಗೂ ಹುಷಾರು, ಗೇಟು ತೆಗೆದರೆ ನೀರು ಕೇಳಿಕೊಂಡು ಬರುವುದಿಲ್ಲ. ದಾಂಡೇಲಿಗೆ ಹೋದರೆ ಕೋಲು ಮನೆಯಲ್ಲಿಟ್ಟು ಮಂಗಟ್ಟೆ ಹಕ್ಕಿ ನೋಡಿ ಬನ್ನಿ. ಅದು ತಲೆಯ ಮೇಲೆ ಹಾರಿದರೆ ರೆಕ್ಕೆಯ ಸದ್ದಿಗೆ ಯಾರೋ ಉಬ್ಬಸದವರು ಹೋದರೇನೋ ಎಂದು ತಿರುಗಿ ನೋಡುತ್ತೀರಿ.

ಪ್ರಶ್ನೆ: ವಿದೇಶಿ ಗರಿಗಾಳ ದುಬಾರಿ. ಮನೆಯಲ್ಲೇ ಕಟ್ಟಬಹುದೇ? ಮತ್ತೆ, ಇಷ್ಟು ವರ್ಷದಲ್ಲಿ ನೀವು ಹಿಡಿದ ದೊಡ್ಡ ಮೀನು ಯಾವುದು?
(ಓದುಗರು, ಕುಮಟಾ)

ಧಾರಾಳವಾಗಿ ಕಟ್ಟಬಹುದು. ಊರಕೋಳಿ ಹುಂಜದ ಕುತ್ತಿಗೆಯ ಗರಿಗಿಂತ ಒಳ್ಳೆಯದು ಬೇರೆ ಇಲ್ಲ. ಇದು ಹೊಸ ವಿದ್ಯೆಯೂ ಅಲ್ಲ: ಸುಮಾರು 1800 ವರ್ಷದ ಹಿಂದೆಯೇ ಮ್ಯಾಸಿಡೋನಿಯಾದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ಏಲಿಯನ್ ಎಂಬ ರೋಮನ್ ಲೇಖಕ ಬರೆದಿದ್ದಾನೆ. ಹೊಳಪಿಗೆ ನಾನು ಬಳಸುವುದು ಯಕ್ಷಗಾನದ ವೇಷದಿಂದ ಉದುರಿದ ಜರಿ. ಮೇಳದ ಪೆಟ್ಟಿಗೆ ಕಾಯುವ ಪರಿಚಯದವರೊಬ್ಬರು ಒಂದು ಚೀಲ ಕೊಟ್ಟಿದ್ದಾರೆ, ಈ ಜನ್ಮಕ್ಕೆ ಸಾಕು. ಅರ್ಜುನನ ಜರಿಗೆ ಒಂದೂ ಬಿದ್ದಿಲ್ಲ, ಬಣ್ಣದ ವೇಷದ ಕೆಂಪು ಎಳೆಗೆ ಎರಡು ಬಿದ್ದಿವೆ.

ಎರಡು ವರ್ಷದಿಂದ ಇನ್ನೊಂದು ಮಾಡುತ್ತಿದ್ದೇನೆ. ಗರಿ ಕಟ್ಟಿ ಮುಗಿದ ಮೇಲೆ ಕೊಕ್ಕೆಯ ಬಾಗನ್ನೇ ಕತ್ತರಿಸಿಬಿಡುತ್ತೇನೆ. ಮೀನು ಬಂದು ಕಚ್ಚುತ್ತದೆ, ಕೋಲಿನಲ್ಲಿ ಒಂದು ಜಗ್ಗು, ಅದು ಉಗಿದು ಹೋಗುತ್ತದೆ. ಸಿದ್ದಾಪುರದವರಿಗೆ ಇದು ಸಮಾಧಾನವಾದೀತೋ ಏನೋ. ನನ್ನ ಹೆಂಡತಿ ಕನ್ನಡಕ ಏರಿಸಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಈಗ ಸಮಾ ಆತು’ ಅಂದಳು.

ದೊಡ್ಡ ಮೀನು ಚೊಣಕವೇ, ಕೊಕ್ಕೆ ಕತ್ತರಿಸುವುದಕ್ಕೂ ಮುಂಚಿನದು. ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಇತ್ತು. ಕಣ್ಣು ಸಂಜೆಯ ಬೆಳಕಿಗೆ ಕೆಂಡದ ಹಾಗೆ ಹೊಳೆಯಿತು. ನೀರಿನಲ್ಲೇ ಹಿಡಿದು, ಫೋಟೋ ತೆಗೆಯಬೇಕೆಂದು ಇನ್ನೊಂದು ಕೈಯನ್ನು ಜೇಬಿಗೆ ಹಾಕಿದೆ. ಬುಳುಕ್ ಎಂದಿತು. ಮೀನಲ್ಲ, ಫೋನು. ಮೀನು ಆಮೇಲೆ ನಿಧಾನವಾಗಿಯೇ ಹೋಯಿತು.