ಸಂಪಾದಕರ ಉತ್ತರ: ಪಕ್ಷದ ಒಳಗೋ, ಹೊರಗೋ?

(ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಬರೆಯುತ್ತಾರೆ: "ತೆರಿಗೆಯಿರಲಿ, ಪೊಲೀಸರಿರಲಿ, ಸೆನ್ಸಾರ್ ಇರಲಿ, ಪ್ರಜೆಯ ಬದುಕಿನಲ್ಲಿ ಸರ್ಕಾರದ ಕೈ ಆದಷ್ಟು ಕಡಿಮೆ ಇರಬೇಕೆಂದು ನಂಬಿದ ಲಿಬರ್ಟೇರಿಯನ್, ಅಂದರೆ ಸ್ವಾತಂತ್ರ್ಯವಾದಿ, ನಾನು. ಕನ್ಸರ್ವೇಟಿವ್, ಲೇಬರ್, ಲಿಬರಲ್ ಡೆಮಾಕ್ರಟ್ ಮೂರೂ ಆ ಕೈಯನ್ನು ಉದ್ದ ಮಾಡಿದ ಪಕ್ಷಗಳೇ. ಇವುಗಳಿಗೆ ಸೇರುವುದು ಆತ್ಮವಂಚನೆಯಲ್ಲವೇ? ಸೋತರೂ ಸರಿ, ಸ್ವಂತ ಪಕ್ಷ ಕಟ್ಟುವುದು ಮೇಲಲ್ಲವೇ?")

ಮಾನ್ಯರೇ,

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಕಾಮನ್‌ವೆಲ್ತ್ ಪ್ರಜೆಯಾಗಿ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕುತ್ತಿರುವುದಾಗಿ ನೀವು ಬರೆದಿದ್ದೀರಿ. ಹೀಗಾಗಿ ಈ ಪ್ರಶ್ನೆ ನಿಮ್ಮ ಪಾಲಿಗೆ ಬರಿಯ ಚರ್ಚೆಯ ವಿಷಯವಲ್ಲ, ಅದನ್ನು ಬಲ್ಲೆ.

ಮೊದಲು ಸ್ವಂತ ಪಕ್ಷದ ಮಾತು. ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವರೇ ಗೆಲ್ಲುವ ಪದ್ಧತಿ ನಮ್ಮಲ್ಲಿರುವಂತೆ ಬ್ರಿಟನ್ನಿನಲ್ಲೂ ಇದೆ, ಮತ್ತು ನಾಡಿನುದ್ದಕ್ಕೂ ತೆಳುವಾಗಿ ಹರಡಿಕೊಂಡ ಬೆಂಬಲಕ್ಕೆ ಆ ಪದ್ಧತಿಯಲ್ಲಿ ಬೆಲೆಯಿಲ್ಲ. 2015ರಲ್ಲಿ ಯುಕೆ ಇಂಡಿಪೆಂಡೆನ್ಸ್ ಪಕ್ಷಕ್ಕೆ 38 ಲಕ್ಷಕ್ಕೂ ಹೆಚ್ಚು ಮತ ಬಿದ್ದರೂ ದಕ್ಕಿದ್ದು ಒಂದೇ ಸ್ಥಾನ. ಅಲ್ಲಿ ಗೆದ್ದ ಡಗ್ಲಸ್ ಕಾರ್ಸ್‌ವೆಲ್ ಕೂಡ ಕನ್ಸರ್ವೇಟಿವ್ ಪಕ್ಷದಿಂದ ಬಂದವರು. ಶೇ 5ರಷ್ಟು ಮತವೂ ಬಾರದ ಅಭ್ಯರ್ಥಿಯ 500 ಪೌಂಡ್ ಠೇವಣಿ ಮುಟ್ಟುಗೋಲಾಗುತ್ತದೆ. 2008ರಲ್ಲಿ ಹುಟ್ಟಿದ ಲಿಬರ್ಟೇರಿಯನ್ ಪಕ್ಷಕ್ಕೆ ಕಾಮನ್ಸ್ ಸಭೆಯ ಬಾಗಿಲು ಇದುವರೆಗೆ ತೆರೆದಿಲ್ಲ. ಇಂಡಿಪೆಂಡೆನ್ಸ್ ಪಕ್ಷ ಗೆಲ್ಲದೆಯೂ ಯುರೋಪಿಯನ್ ಒಕ್ಕೂಟದಿಂದ ಹೊರಬರುವ ಕುರಿತ ಜನಮತಗಣನೆಯನ್ನು ಗಿಟ್ಟಿಸಲಿಲ್ಲವೇ ಎಂದು ನೀವು ಕೇಳಬಹುದು. ಗಿಟ್ಟಿಸಿತು, ನಿಜ. ಆದರೆ ಅದರ ಕೈಯಲ್ಲಿದ್ದದ್ದು ಒಂದೇ ಪ್ರಶ್ನೆ, ಮತ್ತು ಆ ಪ್ರಶ್ನೆಯ ಮೇಲೆ ಕನ್ಸರ್ವೇಟಿವ್ ಮತಗಳು ಒಡೆಯುವ ಭಯ ನಿಜವಾದದ್ದಾಗಿತ್ತು. ಸ್ವಾತಂತ್ರ್ಯವಾದಿಗಳ ಹೆಸರು ಕೇಳಿ ಹಾಗೆ ಹೆದರುವ ಪಕ್ಷ ಇಂದು ಅಲ್ಲಿ ಯಾವುದೂ ಇಲ್ಲ.

ಹಾಗೆಂದು, ದೊಡ್ಡ ಪಕ್ಷವೊಂದರೊಳಗೆ ಹೊಕ್ಕು ಅದನ್ನೇ ತಮ್ಮ ಬಣ್ಣಕ್ಕೆ ತಿರುಗಿಸುತ್ತೇವೆ ಎನ್ನುವವರ ಲೆಕ್ಕವನ್ನೂ ನಾನು ಒಪ್ಪುವುದಿಲ್ಲ. ಕನ್ಸರ್ವೇಟಿವ್ ವಿದ್ಯಾರ್ಥಿ ಒಕ್ಕೂಟದಲ್ಲಿ ಸ್ವಾತಂತ್ರ್ಯವಾದಿಗಳ ಕೈ ಮೇಲಾದಾಗ, 1986ರಲ್ಲಿ ಪಕ್ಷದ ಅಧ್ಯಕ್ಷ ನಾರ್ಮನ್ ಟೆಬ್ಬಿಟ್ ಆ ಒಕ್ಕೂಟವನ್ನೇ ಮುಚ್ಚಿಸಿದರು. ಅದೇ ಪಕ್ಷದ ಮಾರ್ಗರೆಟ್ ಥ್ಯಾಚರ್ ಅವರ ಸರ್ಕಾರ 1979ರಲ್ಲಿ ವಿದೇಶಿ ವಿನಿಮಯದ ನಿಯಂತ್ರಣವನ್ನು ಕಿತ್ತೊಗೆದದ್ದು ದೊಡ್ಡ ಕೆಲಸವೇ. ಆದರೆ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 40ಕ್ಕೆ ಇಳಿಸಿದ 1988ರಲ್ಲೇ, ಸ್ಥಳೀಯ ಸಂಸ್ಥೆಗಳು ಸಲಿಂಗ ಪ್ರೇಮವನ್ನು 'ಉತ್ತೇಜಿಸ'ಬಾರದೆಂಬ 28ನೇ ಕಲಮನ್ನು ತಂದದ್ದೂ ಅದೇ ಸರ್ಕಾರ. ಇನ್ನು 2022ರಲ್ಲಿ ಅದೇ ಪಕ್ಷದಿಂದ ಪ್ರಧಾನಿಯಾದ ಲಿಜ್ ಟ್ರಸ್ ಅವರ ಪ್ರಸಂಗ. 4,500 ಕೋಟಿ ಪೌಂಡ್ ತೆರಿಗೆ ಕಡಿತವನ್ನು ಸಾಲದ ಮೇಲೆ ಘೋಷಿಸುತ್ತಲೇ ಮನೆಮನೆಯ ಇಂಧನದ ದರಕ್ಕೆ ಸರ್ಕಾರವೇ ಮಿತಿ ಕಟ್ಟಿದ ಆ ನೀತಿಯನ್ನು ಸ್ವಾತಂತ್ರ್ಯವಾದವೆಂದು ಕರೆಯಲು ನನಗಂತೂ ಬಾಯಿ ಬರುವುದಿಲ್ಲ. ಎರಡು ತಿಂಗಳು ತುಂಬುವ ಮೊದಲೇ ಅವರು ಅಧಿಕಾರ ಬಿಟ್ಟರು. ಕೆಟ್ಟ ಹೆಸರು ಮಾತ್ರ ನಿಮ್ಮಂಥವರ ತಲೆಗೆ ಬಂತು.

ಹಾಗಾದರೆ ಆ ದೇಶದಲ್ಲಿ ಪ್ರಜೆಯ ಸ್ವಾತಂತ್ರ್ಯ ಹಿಗ್ಗಿದ್ದು ಹೇಗೆ? ಧಾನ್ಯದ ಆಮದಿನ ಮೇಲೆ ಸುಂಕ ಹೇರಿದ್ದ ಕಾರ್ನ್ ಕಾನೂನುಗಳ ವಿರುದ್ಧ ಮ್ಯಾಂಚೆಸ್ಟರಿನಲ್ಲಿ ಸಂಘ ಕಟ್ಟಿದ ರಿಚರ್ಡ್ ಕಾಬ್ಡೆನ್ 1841ರಲ್ಲಿ ಸಂಸತ್ತಿಗೂ ಹೋದರು. ಆದರೆ 1846ರಲ್ಲಿ ಆ ಕಾನೂನುಗಳನ್ನು ರದ್ದು ಮಾಡಿಸಿದವರು, ಸುಂಕ ಬೇಕೆನ್ನುವ ಜಮೀನುದಾರರ ಬೆಂಬಲದಿಂದಲೇ ಪ್ರಧಾನಿಯಾಗಿದ್ದ ಎದುರು ಪಾಳೆಯದ ರಾಬರ್ಟ್ ಪೀಲ್. ಸ್ವಪಕ್ಷದ ಬಹುಪಾಲು ಸದಸ್ಯರು ತಿರುಗಿಬಿದ್ದರೂ ವಿರೋಧಿಗಳ ಮತಗಳನ್ನು ಸೇರಿಸಿಕೊಂಡು ಅವರು ಗೆದ್ದರು, ಮತ್ತು ಲಾರ್ಡ್ಸ್ ಸಭೆ ಒಪ್ಪಿಗೆಯಿತ್ತ ಅದೇ ರಾತ್ರಿ ಕಾಮನ್ಸ್‌ನಲ್ಲಿ ಐರ್ಲೆಂಡಿಗೆ ಸಂಬಂಧಿಸಿದ ಇನ್ನೊಂದು ಮಸೂದೆಯ ಮೇಲೆ ಸೋತು ಕುರ್ಚಿ ಕಳೆದುಕೊಂಡರು. 1967ರಲ್ಲಿ ಗಂಡಸರ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಬಹುಮಟ್ಟಿಗೆ ಹೊರಗಿಟ್ಟ ಖಾಸಗಿ ಮಸೂದೆ ಲೇಬರ್ ಪಕ್ಷದ ಲಿಯೋ ಆಬ್ಸ್ ಅವರದು. ಅದೇ ವರ್ಷದ ಗರ್ಭಪಾತ ಕಾನೂನು ಲಿಬರಲ್ ಪಕ್ಷದ ಡೇವಿಡ್ ಸ್ಟೀಲ್ ಅವರದು. ಆಗಿನ್ನೂ ವಿರೋಧ ಪಕ್ಷದಲ್ಲಿದ್ದ ಥ್ಯಾಚರ್ ಎರಡಕ್ಕೂ ಪರವಾಗಿ ಮತ ಹಾಕಿದ್ದರು. ಮುಂದೆ 28ನೇ ಕಲಮು ತಂದವರೂ ಅವರೇ ಎಂಬುದನ್ನು ನೆನೆದರೆ, ಪಕ್ಷ ನಮ್ಮದೋ ಅಲ್ಲವೋ ಎಂದು ಕೇಳುವುದಕ್ಕಿಂತ ಈ ಮತ ನಮ್ಮದೋ ಅಲ್ಲವೋ ಎಂದು ಕೇಳುವುದೇ ಲೇಸೆನಿಸುತ್ತದೆ. ಲೇಬರ್ ಸರ್ಕಾರ 2006ರಲ್ಲಿ ತಂದ ಗುರುತಿನ ಚೀಟಿ ಕಾನೂನಿನ ಕಥೆಯೂ ಇದೇ: ಯಾವ ಪಕ್ಷಕ್ಕೂ ಸೇರದ ಚಳವಳಿಯೊಂದು ಅದರ ವಿರುದ್ಧ ವರ್ಷಗಟ್ಟಲೆ ಹೋರಾಡಿತು, 2010ರಲ್ಲಿ ಎರಡು ಪಕ್ಷಗಳ ಸಮ್ಮಿಶ್ರ ಸರ್ಕಾರ ಅದನ್ನು ರದ್ದು ಮಾಡಿತು.

ಚುನಾವಣೆಗೆ ನಿಲ್ಲಬೇಕೆಂದಿದ್ದ ಉದ್ಯಮಿ ಆಂಟನಿ ಫಿಷರ್ ಅವರಿಗೆ ಅರ್ಥಶಾಸ್ತ್ರಜ್ಞ ಹಾಯೆಕ್ ಅದನ್ನು ಬಿಟ್ಟು ವಿಚಾರಗಳನ್ನು ಹರಡುವ ಸಂಸ್ಥೆ ಕಟ್ಟಿ ಎಂದು ಬುದ್ಧಿ ಹೇಳಿದ್ದನ್ನು, 1955ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಅಫೇರ್ಸ್ ಹುಟ್ಟಿದ್ದನ್ನು ನೀವೇ ಉಲ್ಲೇಖಿಸಿದ್ದೀರಿ. ಅದನ್ನು ನಡೆಸಿದ ರಾಲ್ಫ್ ಹ್ಯಾರಿಸ್ ಕನ್ಸರ್ವೇಟಿವ್ ಬಳಗದಿಂದ, ಆರ್ಥರ್ ಸೆಲ್ಡನ್ ಲಿಬರಲ್ ಬಳಗದಿಂದ ಬಂದವರು. ಥ್ಯಾಚರ್ 1979ರಲ್ಲಿ ಹ್ಯಾರಿಸ್‌ರನ್ನು ಲಾರ್ಡ್ಸ್ ಸಭೆಗೆ ಕಳಿಸಿದಾಗಲೂ ಅವರು ಆಳುವ ಪಕ್ಷದ ಸಾಲಿನಲ್ಲಿ ಕೂರದೆ ಪಕ್ಷೇತರರ ಬೆಂಚನ್ನು ಆರಿಸಿಕೊಂಡರು. ಪಕ್ಷಗಳಿಂದ ದೂರ ಉಳಿಯಬೇಕೆಂಬ ನಿಮ್ಮ ವಾದಕ್ಕೆ ಇದನ್ನು ಆಧಾರ ಮಾಡಿಕೊಂಡಿದ್ದೀರಿ. ನನಗೆ ಕಾಣುವುದು ಬೇರೆ: ಆ ಸಂಸ್ಥೆಯ ವಿಚಾರಗಳು ಕಾನೂನಾದದ್ದು, ಓದಿ ಒಪ್ಪಿದ ಕೆಲವರು ಪಕ್ಷದೊಳಗೆ ಇದ್ದುದರಿಂದಲೇ.

ಆದ್ದರಿಂದ ಸದಸ್ಯರಾಗಿ, ಆದರೆ ಒಂದು ಕಾನೂನನ್ನು ಕೈಯಲ್ಲಿ ಹಿಡಿದು ಆಗಿ. ನಿಮಗೆ ಕಣ್ಗಾವಲು ಮುಖ್ಯವೋ, ಮಾದಕ ವಸ್ತುಗಳ ಕಾನೂನು ಮುಖ್ಯವೋ, ಮನೆ ಕಟ್ಟಲು ಬೇಕಾದ ಪರವಾನಗಿಗಳ ಗೋಜಲು ಮುಖ್ಯವೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಅದರಲ್ಲಿ ನಿಮ್ಮ ಕ್ಷೇತ್ರದ ಯಾವ ಪಕ್ಷದ ಶಾಖೆ ಕಿವಿಗೊಡುತ್ತದೋ ಅಲ್ಲಿ ಚಂದಾ ಕಟ್ಟಿ. ಅಭ್ಯರ್ಥಿಯ ಆಯ್ಕೆಯಲ್ಲಿ ಆ ಶಾಖೆಯ ಸದಸ್ಯರಿಗೆ ಪಾಲಿರುತ್ತದೆ, ಹೊರಗಿನವರಿಗೆ ಇರುವುದಿಲ್ಲ. ವಿಪ್ ಮೀರುವ ಸಂಸದರು ಅಲ್ಲಿ ಅಪರೂಪವೂ ಅಲ್ಲ: 2021ರ ಡಿಸೆಂಬರಿನಲ್ಲಿ ಲಸಿಕೆ ಇಲ್ಲವೇ ಪರೀಕ್ಷೆಯ ಪುರಾವೆಯಾದ ಕೋವಿಡ್ ಪಾಸ್ ಕಡ್ಡಾಯದ ವಿರುದ್ಧ ನೂರರ ಹತ್ತಿರ ಕನ್ಸರ್ವೇಟಿವ್ ಸದಸ್ಯರು ತಮ್ಮದೇ ಸರ್ಕಾರವನ್ನು ಎದುರಿಸಿದರು. ಅಂದು ಸರ್ಕಾರದ ಮಾನ ಉಳಿಸಿದ್ದು ಲೇಬರ್ ಮತಗಳು.

ಎರಡು ಪಕ್ಷಗಳಿಗೆ ಒಟ್ಟಿಗೇ ಸದಸ್ಯನಾಗಬಹುದೇ ಎಂದು ಪತ್ರದ ಅಡಿಯಲ್ಲಿ ತಮಾಷೆಗೆ ಕೇಳಿದ್ದೀರಿ. ಲೇಬರ್ ಪಕ್ಷದ ನಿಯಮ ಅದಕ್ಕೆ ಒಪ್ಪುವುದಿಲ್ಲ.

– ಸಂ.