‘ಬಿಡ್ತು ಅನ್ನು’ ಎನ್ನುವ ಮೊದಲು

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ಕೆಲಸ ಹೋಗಿ ಮೂರು ತಿಂಗಳಾಯಿತು, ಸಾಲವೂ ಇದೆ. ಮೊನ್ನೆ ಊಟಕ್ಕೆ ಕೂತಾಗ ‘ನಾನಿಲ್ಲದಿದ್ರೆ ನಿಮಗೆಲ್ಲ ಹಗುರ’ ಅಂದ. ಅಮ್ಮ ಗಾಬರಿಯಾಗಿ ‘ಬಿಡ್ತು ಅನ್ನು’ ಎಂದರು. ಅಂದಿನಿಂದ ಅವನು ಬಾಯಿಯೇ ಬಿಡುತ್ತಿಲ್ಲ. ಸಾವಿನ ಮಾತು ನಾನೇ ಎತ್ತಿದರೆ ಇಲ್ಲದ ಯೋಚನೆ ತುಂಬಿದ ಹಾಗಾಗುವುದಿಲ್ಲವೇ?
– ಓದುಗರು, ತುಮಕೂರು

ಉತ್ತರ: ಆಗುವುದಿಲ್ಲ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೇ ಬೇಯುತ್ತಿರುವವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಇವತ್ತೇ ಕೇಳಿ.

ಅಮ್ಮನ ಮಾತು ಪ್ರೀತಿಯಿಂದಲೇ ಬಂದದ್ದು. ಆದರೆ ‘ಈ ಮನೆಯಲ್ಲಿ ಇದನ್ನು ಆಡಬಾರದು’ ಎಂದು ಅವನಿಗೆ ಕೇಳಿಸಿರಬಹುದು. ಟಿವಿ ಆರಿಸಿ, ಫೋನ್ ಬದಿಗಿಟ್ಟು, ಅವನ ಪಕ್ಕದಲ್ಲಿ ಕೂತುಕೊಳ್ಳಿ. ಅವನ ಮಾತಿನಿಂದಲೇ ಶುರು ಮಾಡಿ: ‘ಹಗುರ ಆಗುತ್ತೆ ಅಂದೆಯಲ್ಲ, ಅದು ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಸಾಯಬೇಕು ಅನ್ನಿಸ್ತಾ ಇದೆಯೇನೋ?’ ‘ಅಂಥ ಯೋಚನೆ ಏನೂ ಇಲ್ಲ ತಾನೇ?’ ಎಂದು ಮಾತ್ರ ಕೇಳಬೇಡಿ. ಆ ‘ತಾನೇ’ ಎನ್ನುವುದೇ ಅವನಿಂದ ‘ಇಲ್ಲ’ ಅನ್ನಿಸಿಬಿಡುತ್ತದೆ.

ಕೇಳಿದ ಮೇಲೆ ಸುಮ್ಮನಿರಿ. ಅರ್ಧ ನಿಮಿಷ ಮೌನವಾದರೂ ತುಂಬಲು ಹೋಗಬೇಡಿ. ‘ಸಾಕಾಗಿದೆ ಅಕ್ಕಾ’ ಅಂದರೆ ‘ಅಷ್ಟು ಸಾಕಾಗಿದೆಯಾ? ಎಷ್ಟು ದಿನದಿಂದ?’ ಎನ್ನಿ. ‘ಧೈರ್ಯ ತಗೋ’, ‘ನಿನಗಿಂತ ಕಷ್ಟದಲ್ಲಿರೋರಿಲ್ವಾ’ ಎಂಬ ಮಾತುಗಳು ಅಲ್ಲಿಗೇ ಬಾಗಿಲು ಹಾಕುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ‘ಅಪ್ಪ-ಅಮ್ಮನ ಮುಖ ನೋಡಾದ್ರೂ’ ಎನ್ನುವುದು. ತಾನೇ ಮನೆಗೆ ಹೊರೆ ಎಂದುಕೊಂಡವನ ತಲೆ ಮೇಲೆ ಅದು ಇನ್ನೊಂದು ಹೊರೆ. ಸಾಲ ತೀರಿಸುವ ಲೆಕ್ಕಾಚಾರವೂ ಈ ಹೊತ್ತಿಗೆ ಬೇಡ.

ಹೌದು ಎಂದರೆ, ಹೇಗೆ, ಯಾವಾಗ ಎಂದು ಯೋಚಿಸಿದ್ದಾನಾ ಕೇಳಿ. ಯೋಚಿಸಿದ್ದರೆ ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡಿ. ಕ್ರಿಮಿನಾಶಕ, ಮಾತ್ರೆಗಳು ಆ ಕ್ಷಣವೇ ಮನೆಯಿಂದ ಆಚೆ ಹೋಗಲಿ. ಇಂಥ ತೀವ್ರ ತುಡಿತ ಎಷ್ಟೋ ಸಲ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ಆಗ ಕೈಗೆ ಏನೂ ಸಿಗದಿರುವುದೇ ಜೀವ ಉಳಿಸುತ್ತದೆ. ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಥವಾ 112ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವನು ಒಲ್ಲೆನೆಂದರೆ ನೀವೇ ಮಾಡಿ ಸಲಹೆ ಕೇಳಿ.

‘ಯಾರಿಗೂ ಹೇಳಲ್ಲ’ ಎಂದು ಭಾಷೆ ಕೊಡಬೇಡಿ. ‘ನಿನಗೆ ಗೊತ್ತಿಲ್ಲದ ಹಾಗೆ ಯಾರಿಗೂ ಹೇಳಲ್ಲ, ಆದರೆ ಡಾಕ್ಟರಿಗೆ ಹೇಳಲೇಬೇಕು ಕಣೋ’ ಎನ್ನಿ.

ಪ್ರಶ್ನೆ: ಆತ್ಮಹತ್ಯೆಗೆ ಯತ್ನಿಸಿದ್ದ ಗೆಳತಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಪೊಲೀಸ್ ಕೇಸಾಗುತ್ತದೆಂದು ಮನೆಯವರು ಮತ್ತೆ ವೈದ್ಯರ ಬಳಿ ಕಳಿಸುತ್ತಿಲ್ಲ. ನಾನು ಹೋಗಿ ಏನು ಮಾತಾಡಲಿ?
– ಓದುಗರು, ಹಾಸನ

ಉತ್ತರ: ಮೊದಲು ಆ ಭಯ ಬಿಡಿಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು, ಹೀಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸುತ್ತದೆ. ಯತ್ನಿಸಿದ ಕಾರಣಕ್ಕೇ ಶಿಕ್ಷೆಯಿಲ್ಲ. ಚಿಕಿತ್ಸೆ, ಪುನರ್ವಸತಿ ಕೊಡಿಸುವುದು ಸರ್ಕಾರದ ಹೊಣೆ.

ಅವಳನ್ನು ‘ಯಾಕೆ ಹೀಗೆ ಮಾಡಿಕೊಂಡೆ?’ ಎಂದು ಕೇಳಬೇಡಿ. ‘ನಿನ್ನ ನೋಡಿ ಜೀವ ಬಂತು ಕಣೇ’ ಎಂದರೆ ಸಾಕು. ‘ಏನಾದ್ರೂ ಬೇಕಿದ್ರೆ ಹೇಳು’ ಎನ್ನುವುದೂ ಬೇಡ, ಕೇಳುವಷ್ಟು ತ್ರಾಣ ಈಗ ಅವಳಲ್ಲಿರುವುದಿಲ್ಲ. ‘ಗುರುವಾರ ಹತ್ತಕ್ಕೆ ಬರ್ತೀನಿ, ಡಾಕ್ಟರ ಹತ್ರ ಜೊತೆಗೆ ಹೋಗೋಣ’ ಎನ್ನಿ, ಹತ್ತಕ್ಕೇ ಹೋಗಿ. ಆಸ್ಪತ್ರೆಯಿಂದ ಬಂದ ಮೊದಲ ವಾರಗಳೇ ಹೆಚ್ಚು ಅಪಾಯದವು; ಮೂರು ತಿಂಗಳಾದರೂ ಈ ಹೋಗಿಬರುವುದು ತಪ್ಪದಿರಲಿ.